ಸ್ಥಿತಪ್ರಜ್ಞ ಕ್ರೀಡಾಪ್ರೇಮಿಗೆ ಒಂದು ಬಿನ್ನವತ್ತಳೆ

ಮಹಾಶಯರೇ, ಕ್ರೀಡಾರಸಿಕ ಶಿಖಾಮಣಿಗಳೇ,

2017ರ ಜುಲೈ 23ರಿಂದ 29ರವರೆಗೆ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ನಡೆಯಿತು. ಜಪಾನ್ ಬಂತು, ಚೀನಾ ಬಂತು, ಅಲ್ಲಿಯವರೆಗೆ ಏಷ್ಯಾದ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳದ ಆಸ್ಟ್ರೇಲಿಯವೂ ಮೊದಲ ಬಾರಿಗೆ ಬಂತು. ಇಷ್ಟೆಲ್ಲ ಪ್ರಲೋಭನೆಯನ್ನು ಮನೆಬಾಗಿಲಿಗೇ ತಂದು ಒಡ್ಡಿದರೂ ತಾವು ಮಾತ್ರ ಚಿತ್ತವನ್ನು ಎಳ್ಳಷ್ಟೂ ಕದಲಗೊಡದೆ, ಕಸ್ತೂರಬಾ ರಸ್ತೆಯ ಸಿಗ್ನಲ್ಲಿನಲ್ಲಿ ಹಸಿರು ದೀಪವನ್ನಷ್ಟೇ ಧ್ಯಾನಿಸುತ್ತ ಮುಂದೆ ಸಾಗಿದಿರಲ್ಲ, ಆ ಇಂದ್ರಿಯನಿಗ್ರಹವನ್ನು ಕೊಂಡಾಡಲು ಹಳಗನ್ನಡದ ಚಂಪೂ ಕವಿಗಳೇ ಎದ್ದು ಬರಬೇಕು. ಒಳಗೆ ಹೋಗಿ ಗಂಟಲು ಹರಿಯುವಂತೆ ಕೂಗಿದ ಕೆಲವರೂ ಇದ್ದರು. ಅವರ ಚಾಪಲ್ಯವನ್ನು ಇಂಥ ಶುಭಸಂದರ್ಭದಲ್ಲಿ ಎತ್ತಿ ಆಡುವುದು ಬೇಡ.

ತಮ್ಮ ನ್ಯಾಯಬುದ್ಧಿಯಾದರೂ ಸಾಮಾನ್ಯವೇ! ಆ ಪಂದ್ಯಾವಳಿ ಆರಂಭವಾದ ಭಾನುವಾರವೇ ಲಾರ್ಡ್ಸ್‌ನಲ್ಲಿ ಮಹಿಳಾ ಕ್ರಿಕೆಟ್ ವಿಶ್ವಕಪ್ಪಿನ ಫೈನಲ್ ಇತ್ತು. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 35 ರನ್ ಹೊಡೆದರು, ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಬೌಲಿಂಗ್ ಮಾಡಿದರು, ಭಾರತ 9 ರನ್ನಿನಿಂದ ಸೋತಿತು. ತಾವು ಅಂದು ಟಿವಿ ಮುಂದೆ ಕೂತು ಕಣ್ಣೀರಿಟ್ಟಿರಿ. ಹೆಣ್ಣುಮಕ್ಕಳ ಆಟಕ್ಕೆಂದು ವರ್ಷಕ್ಕೆ ಇಷ್ಟು ಎಂದು ತೆಗೆದಿಟ್ಟ ಕಣ್ಣೀರನ್ನು ಒಂದೇ ಸಂಜೆಯಲ್ಲಿ ಪ್ರಾಮಾಣಿಕವಾಗಿ ವ್ಯಯಿಸಿದ ಮೇಲೆ, ಅದೇ ವಾರ ಮತ್ತೊಂದು ತಂಡಕ್ಕಾಗಿ ಹಿಗ್ಗಬೇಕೆಂದು ಯಾವ ನ್ಯಾಯಾಲಯವೂ ತಮ್ಮನ್ನು ಕೇಳಲಾರದು. ಮುಂದಿನ ಶನಿವಾರ ಕಂಠೀರವದಲ್ಲಿ ಭಾರತದ ಹುಡುಗಿಯರು ಬಿ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಎ ವಿಭಾಗಕ್ಕೆ ಏರಿದರು. ಎರಡೇ ಅಂಕದ ಅಂತರ, ಒಂದೇ ಒಂದು ಬುಟ್ಟಿ! ದುರ್ಬಲ ಹೃದಯದವರಿಗೆ ಇಂಥ ದೃಶ್ಯ ಸಲ್ಲದು. ತಾವು ತಮ್ಮ ಹೃದಯವನ್ನು ಜತನದಿಂದ ಕಾಪಾಡಿಕೊಂಡಿರಿ.

ಈ ತಾಳ್ಮೆಗೆ ಅಂತರರಾಷ್ಟ್ರೀಯ ಪರಂಪರೆಯೇ ಇದೆ. ಒಲಿಂಪಿಕ್ಸ್‌ನಲ್ಲಿ ಗಂಡಸರ ಬ್ಯಾಸ್ಕೆಟ್‌ಬಾಲ್ 1936ರಲ್ಲೇ ಬಂದರೆ ಹೆಂಗಸರದು 1976ರಲ್ಲಿ ಬಂತು. ನಲವತ್ತು ವರ್ಷ ಚೆಂಡು ಚೆನ್ನಾಗಿ ಮಾಗಲೆಂದು ಕಾದ ಆ ಹಿರಿಯರ ಆಲೋಚನೆಯನ್ನು ಮೀರಿಸಿದವರು ನಾವೇ: ನಮ್ಮ ಮಹಿಳಾ ತಂಡವನ್ನು ಇಂದಿಗೂ ಆ ಗದ್ದಲಕ್ಕೆ ಕಳಿಸಿಲ್ಲ.

ಇನ್ನು ಊರಿನ ಹಿರಿಯರನ್ನು ಸ್ಮರಿಸದಿದ್ದರೆ ಈ ಬಿನ್ನವತ್ತಳೆ ಅಪೂರ್ಣ. ಒಂಬತ್ತನೇ ಕ್ಲಾಸಿನ ಹುಡುಗಿ ಐದಡಿ ಹತ್ತಂಗುಲ ಬೆಳೆದು ನಿಂತಾಗ, ಬೇರೆ ದೇಶದ ಒರಟರು ಅವಳ ಕೈಗೆ ಚೆಂಡು ಕೊಟ್ಟುಬಿಡುತ್ತಾರೆ. ನಮ್ಮಲ್ಲಿ ಹಾಗಲ್ಲ. ದೊಡ್ಡಮ್ಮ ಬಾಗಿಲಲ್ಲೇ ನಿಂತು ಅವಳನ್ನು ಕೆಳಗಿನಿಂದ ಮೇಲಕ್ಕೊಮ್ಮೆ ನೋಡಿ, "ಇನ್ನು ಸಾಕು ಮಾರಾಯ್ತಿ, ನಿನಗೆ ಗಂಡು ಎಲ್ಲಿಂದ ತರೋಣ" ಎಂದು ದೂರದೃಷ್ಟಿಯಿಂದ ನುಡಿಯುತ್ತಾಳೆ. ಮಾವ ಅವಳ ಆಟದ ಚಡ್ಡಿಯ ಉದ್ದವನ್ನು ದರ್ಜಿಗಿಂತ ನಿಖರವಾಗಿ ಕಣ್ಣಲ್ಲೇ ಅಳೆಯುತ್ತಾನೆ. ಬಿಸಿಲಿಗೆ ಕಪ್ಪಾದಳೆಂದು ಪಕ್ಕದ ಮನೆಯವರು ಕಡಲೆಹಿಟ್ಟು, ಅರಿಸಿನ ಕಳಿಸುತ್ತಾರೆ. ಒಬ್ಬ ಆಟಗಾರ್ತಿಗಾಗಿ ಇಷ್ಟು ಮಂದಿ ಸಂಭಾವನೆಯಿಲ್ಲದೆ ದುಡಿಯುವ ತರಬೇತಿ ಕೇಂದ್ರ ಜಗತ್ತಿನಲ್ಲಿ ಬೇರೆಲ್ಲಿದೆ? ಅಷ್ಟಾದರೂ ಮಾತು ಕೇಳದೆ ಬೆಳೆದವರುಂಟು. ಕೇರಳದ ಗೀತು ಅನ್ನಾ ಜೋಸ್ ಆರಡಿ ಮೀರಿ ಬೆಳೆದು, ಆಸ್ಟ್ರೇಲಿಯದ ಕ್ಲಬ್ಬಿಗೆ ಆಡಿ, 2011ರಲ್ಲಿ ಅಮೆರಿಕದ ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗಾದ ಡಬ್ಲ್ಯುಎನ್‌ಬಿಎ ತಂಡಗಳ ಆಯ್ಕೆ ಪರೀಕ್ಷೆಯವರೆಗೂ ಹೋಗಿಬಂದರು. ಆಕೆಯ ಹೆಸರನ್ನು ಬಾಯಿಪಾಠ ಮಾಡಿ ಮಕ್ಕಳ ತಲೆಗೆ ಭಾರ ಹೊರಿಸದಿರುವುದು ತಮ್ಮ ಶಿಕ್ಷಣಪ್ರೇಮಕ್ಕೆ ಸಾಕ್ಷಿ.

ಪ್ರೋತ್ಸಾಹದಲ್ಲಿ ಕೊರತೆಯಾಯಿತೆಂದು ಯಾರೂ ಬೆರಳು ತೋರುವಂತಿಲ್ಲ. ಜಿಲ್ಲಾ ಮಟ್ಟದ ಯಾವ ಉದ್ಘಾಟನೆಗೆ ಬೇಕಾದರೂ ಹೋಗಿ ನೋಡಿ. ಒಂಬತ್ತಕ್ಕೆಂದು ಮುದ್ರಿಸಿದ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿಗಳು ಹನ್ನೊಂದೂವರೆಗೆ ದಯಮಾಡಿಸುವವರೆಗೆ ಹುಡುಗಿಯರು ಸಾಲಾಗಿ ಬಿಸಿಲಲ್ಲಿ ನಿಂತು ಶಿಸ್ತು ಕಲಿಯುತ್ತಾರೆ. ಗಾಳಿಗೆ ದೀಪದ ಬತ್ತಿ ಹತ್ತುವುದಿಲ್ಲ. ಮೇಣದಬತ್ತಿ ಕೈಯಿಂದ ಕೈಗೆ ದಾಟುತ್ತದೆ. ಕೊನೆಗೆ ದೈಹಿಕ ಶಿಕ್ಷಕರು ಕರ್ಪೂರದ ತುಂಡಿಟ್ಟು ಸಮಾರಂಭದ ಮಾನ ಉಳಿಸುತ್ತಾರೆ. ಅತಿಥಿಗಳು ಪಂಚೆಯ ಚುಂಗು ಹಿಡಿದು ಫ್ರೀ ಥ್ರೋ ಗೆರೆಯಿಂದ ಚೆಂಡೆಸೆದಾಗ ಅದು ಬೋರ್ಡಿಗೂ ಮುಟ್ಟದೆ ಛಾಯಾಗ್ರಾಹಕನ ಮೇಲೆ ಬಿದ್ದು, ಆ ಚಿತ್ರವೇ ಮರುದಿನದ ಪತ್ರಿಕೆಯಲ್ಲಿ ಶೋಭಿಸುತ್ತದೆ. ಗೆದ್ದ ತಂಡದ ಹೆಸರನ್ನು ಸ್ಥಳಾಭಾವದ ನಡುವೆಯೂ ಚಿತ್ರದ ಅಡಿಯಲ್ಲಿ ಉದಾರವಾಗಿ ಸೇರಿಸುವ ವಾಡಿಕೆಯೂ ಇದೆ. ಆಮೇಲೆ ಆ ಆಟದ ಅಂಕಣ ಖಾಲಿ ಬಿದ್ದಿರುತ್ತದೆಯೇ? ಛೆ! ಬೈಕುಗಳಿಗೆ ಅದಕ್ಕಿಂತ ಸಮತಟ್ಟಾದ ನೆಲ ಊರಲ್ಲೇ ಇಲ್ಲ.

ಆಟಗಾರ್ತಿಯರ ಹೊಟ್ಟೆಪಾಡಿನ ವಿಷಯವನ್ನು ರೈಲ್ವೆ ಇಲಾಖೆಗೆ ಬಿಟ್ಟುಕೊಟ್ಟ ತಮ್ಮ ತ್ಯಾಗವೂ ಚಿಕ್ಕದಲ್ಲ. ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಕಪ್ಪನ್ನು ರೈಲ್ವೆ ಹುಡುಗಿಯರೇ ಮತ್ತೆ ಮತ್ತೆ ಒಯ್ದರೂ ತಾವು ಅಸೂಯೆಪಟ್ಟವರಲ್ಲ. ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರಾದ ಪ್ರಶಾಂತಿ ಸಿಂಗ್‌ಗೆ 2019ರಲ್ಲೂ ಅನಿತಾ ಪಾಲ್‌ದುರೈಗೆ 2021ರಲ್ಲೂ ಪದ್ಮಶ್ರೀ ಬಂದಾಗ "ಇವರು ಯಾರು?" ಎಂದು ಹರ್ಷೋದ್ಗಾರ ತೆಗೆದಿರಿ.

ಜಪಾನನ್ನು ನೆನೆದರೆ ಮರುಕವಾಗುತ್ತದೆ. ಕಂಠೀರವದ ಎ ವಿಭಾಗದ ಫೈನಲ್‌ನಲ್ಲಿ ಆಸ್ಟ್ರೇಲಿಯವನ್ನು 74-73ರಿಂದ ಸೋಲಿಸಿದ ಮೇಲಾದರೂ ಅವರು ಸುಮ್ಮನಿರಬಹುದಿತ್ತು. ಹಟಕ್ಕೆ ಬಿದ್ದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕ ಹೊತ್ತುಕೊಂಡರು. ಐದಡಿ ನಾಲ್ಕಂಗುಲದ ರುಯಿ ಮಚಿದಾ ಸೆಮಿಫೈನಲ್ ಒಂದರಲ್ಲೇ 18 ಅಸಿಸ್ಟ್, ಅಂದರೆ ಬುಟ್ಟಿಗೆ ಹಾದಿ ಮಾಡುವ ಪಾಸ್, ಕೊಟ್ಟು ಒಲಿಂಪಿಕ್ ದಾಖಲೆ ಮಾಡಿದಳು. ಆ ದೇಶದಲ್ಲಿ ಬುದ್ಧಿ ಹೇಳುವ ದೊಡ್ಡಮ್ಮಂದಿರ ಅಭಾವ ಎಷ್ಟಿದೆಯೆಂಬುದು ಇದರಿಂದಲೇ ವೇದ್ಯ.

ನಮ್ಮ ತಂಡ 2019ರ ಸೆಪ್ಟೆಂಬರಿನಲ್ಲಿ ಅದೇ ಕಂಠೀರವದಲ್ಲಿ ನಡೆದ ಏಷ್ಯಾ ಕಪ್‌ನ ಎ ವಿಭಾಗದಲ್ಲಿ, ಎಂಟು ತಂಡಗಳ ನಡುವೆ ಎಂಟನೆಯದಾಯಿತು. 2021ರಲ್ಲಿ ಅಮ್ಮಾನ್‌ನಲ್ಲಿ ಜಪಾನಿಗೆ 136-46ರಿಂದ ಸೋತು, ಮತ್ತೆ ಬಿ ವಿಭಾಗಕ್ಕಿಳಿಯಿತು. ಏರಿದ ದಿನ ಹಿಗ್ಗದ ತಾವು ಇಳಿದ ದಿನವೂ ಕುಗ್ಗಲಿಲ್ಲ. ಇಂಥ ಸಮಚಿತ್ತಕ್ಕೆ ಋಷಿಗಳು ಕಾಡಿಗೆ ಹೋಗಿ ಗೆಡ್ಡೆಗೆಣಸು ತಿನ್ನುತ್ತಿದ್ದರು. ತಾವು ಸೋಫಾದ ಮೇಲೆ ಕೂತು, ಕೈಯಲ್ಲಿ ರಿಮೋಟ್ ಹಿಡಿದೇ ಸಾಧಿಸಿದ್ದೀರಿ.

ಮೈಸೂರು ಪೇಟ, ಗಂಧದ ಹಾರ, ಫಲತಾಂಬೂಲ ಸಿದ್ಧವಿವೆ. ತಾವು ಬರಲಾರಿರೆಂಬ ಭರವಸೆಯಿಂದ ಶಾಲನ್ನು ಮುಖ್ಯ ಅತಿಥಿಗಳಿಗೇ ಹೊದಿಸಿಬಿಡಲು ಸ್ವಾಗತ ಸಮಿತಿ ಸರ್ವಾನುಮತದಿಂದ ತೀರ್ಮಾನಿಸಿದೆ.