ದ್ವಾರಪಾಲಕ ಲಕ್ಷಣ ನಿರ್ಣಯ

ವಿಷಯ ಪ್ರವೇಶ

ಗೇಟಿನಲ್ಲಿ ನಿಂತವರೆಲ್ಲ ಸೆಕ್ಯುರಿಟಿ ಗಾರ್ಡುಗಳೇ? ಗಾರ್ಡುಗಳೆಲ್ಲ ಗೇಟಿನಲ್ಲೇ ನಿಂತಿರುತ್ತಾರೆಯೇ? ಎರಡನೆಯ ಪ್ರಶ್ನೆಗೆ ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನವರೂ ಉತ್ತರ ಕೊಡಬಲ್ಲರು: ಇಲ್ಲ, ಮೋಟರ್ ಹಾಕಲು ಹೋಗಿದ್ದಾನೆ. ಮೊದಲನೆಯದು ಮಾತ್ರ ಗಹನ. ತಮ್ಮ ಸಿಬ್ಬಂದಿಯಲ್ಲಿ ಯಾರು ಕಾಯ್ದೆಯ ಕಣ್ಣಿಗೆ ಕಾವಲುಗಾರರು, ಯಾರು ಸುಮ್ಮನೆ ನಿಂತವರು ಎಂದು ತಿಳಿಯದೆ ಅಂಗಡಿ, ಆಸ್ಪತ್ರೆ, ಕಲ್ಯಾಣಮಂಟಪಗಳ ಮಾಲೀಕರು ತೊಳಲಾಡುವುದನ್ನು ಕಂಡು, ಲೋಕಾನುಗ್ರಹಾರ್ಥವಾಗಿ ಈ ಲಘುಗ್ರಂಥವನ್ನು ರಚಿಸಲಾಗಿದೆ.

ಮೂಲಸೂತ್ರ: 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ, ಜಾರಿಗೆ ಬಂದದ್ದು 2006ರ ಮಾರ್ಚ್ 14. ಭಾಷ್ಯ: ಅದರಡಿಯ ಕೇಂದ್ರ ಮಾದರಿ ನಿಯಮಗಳು. ಭಾಷ್ಯಕ್ಕೆ ವಾರ್ತಿಕ: ಏಜೆನ್ಸಿ ಸೂಪರ್‌ವೈಸರ್ ರಾತ್ರಿ ಹತ್ತಕ್ಕೆ ಫೋನಿನಲ್ಲಿ ಹೇಳುವ ಮಾತು, "ಸಾರ್, ಹುಡುಗ ದಾರೀಲಿದಾನೆ."

ಲಕ್ಷಣ ವಿಚಾರ

ಸೂತ್ರ ಹೀಗಿದೆ: ಆಯುಧ ಇರಲಿ ಇಲ್ಲದಿರಲಿ, ಸರ್ಕಾರಿ ನೌಕರನಲ್ಲದ ಯಾರು ಇನ್ನೊಬ್ಬರ ಜೀವವನ್ನೋ ಸ್ವತ್ತನ್ನೋ ಕಾಯುತ್ತಾರೋ ಅವರು ಖಾಸಗಿ ಗಾರ್ಡು, ಅವರ ಸೂಪರ್‌ವೈಸರೂ ಗಾರ್ಡೇ.

ಲಕ್ಷಣ ಎಂದಮೇಲೆ ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿಂದ ಮುಕ್ತವಾಗಿರಬೇಕೆಂದು ತಾರ್ಕಿಕರು ವಿಧಿಸಿದ್ದಾರೆ. ಪೂರ್ವಪಕ್ಷಿ ಇಲ್ಲಿ ತೋಳೇರಿಸುತ್ತಾನೆ.

"ಅತಿವ್ಯಾಪ್ತಿ ಮೊದಲು. ದೇವಸ್ಥಾನದ ಮುಂದೆ ಚಪ್ಪಲಿ ಸ್ಟ್ಯಾಂಡಿನವನು ಆಯುಧವಿಲ್ಲದೆ ಪರರ ಸ್ವತ್ತನ್ನು ಕಾಯುತ್ತಾನೆ. ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ಬ್ಯಾಗ್ ಇಸಿದುಕೊಂಡು ಟೋಕನ್ ಕೊಡುವ ಹುಡುಗಿಯೂ ಅಷ್ಟೆ. ಇವರೂ ಗಾರ್ಡುಗಳೇ? ಇನ್ನು ಅವ್ಯಾಪ್ತಿ. ಮೊದಲ ಮಹಡಿಯ ಕಿಟಕಿಯಲ್ಲಿ ಬೆಳಗಿಂದ ರಾತ್ರಿಯತನಕ ಕೂತು, ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತು ಇದ್ದರು ಎಂದು ಕರಾರುವಾಕ್ಕಾಗಿ ಹೇಳುವ ಅಜ್ಜಿ ಯಾವ ರಿಜಿಸ್ಟರಿನಲ್ಲೂ ಇಲ್ಲ. ಅಸಂಭವವನ್ನಂತೂ ಕೇಳಲೇಬೇಡಿ. ವಯಸ್ಸು 18 ತುಂಬಿರಬೇಕು, 65 ತುಂಬಿರಬಾರದು. ಗಂಡಸಾದರೆ ಎತ್ತರ 160 ಸೆಂಟಿಮೀಟರ್, ಎದೆ 80, ಉಸಿರೆಳೆದರೆ ಇನ್ನು 4 ಹಿಗ್ಗಬೇಕು. ಪಾದ ಚಪ್ಪಟೆಯಾಗಿರಕೂಡದು. 6 ನಿಮಿಷದಲ್ಲಿ 1 ಕಿಲೋಮೀಟರ್ ಓಡಬೇಕು. ನಮ್ಮ ಎ.ಟಿ.ಎಂ. ಒಳಗೆ ಕೂತ ತಾತ ಓಡುವುದಿರಲಿ, ಎದ್ದದ್ದನ್ನು ಕಂಡವರುಂಟೆ?"

ಸಿದ್ಧಾಂತ

ಸಿದ್ಧಾಂತಿ ಮುಗುಳ್ನಗುತ್ತಾನೆ. "ನೀನು ಗಾರ್ಡಿನ ಮೈ ಅಳೆಯುತ್ತಿದ್ದೀಯೆ, ಕಾಯ್ದೆ ಮೊದಲು ನೋಡುವುದು ಅವನನ್ನು ಕಳಿಸಿದ್ದು ಯಾರೆಂದು. ಲೈಸೆನ್ಸು ಬೇಕಾದದ್ದು ಗಾರ್ಡುಗಳನ್ನು ಒದಗಿಸುವುದನ್ನೇ ಕಸುಬು ಮಾಡಿಕೊಂಡವನಿಗೆ. ಮಾಲೀಕ ತನ್ನ ಅಂಗಡಿಗೆ ತಾನೇ ನೇಮಿಸಿ, ತನ್ನ ಮಸ್ಟರ್ ರೋಲಿನಲ್ಲೇ ಸಂಬಳ ಕೊಟ್ಟು ನಿಲ್ಲಿಸಿಕೊಂಡವನಿಗೆ ಈ ಕಟ್ಟಳೆಯಿಲ್ಲ."

ಆದ್ದರಿಂದ ಒಂದೇ ಗೇಟು, ಒಂದೇ ಸ್ಟೂಲು, ಒಬ್ಬನೇ ಮನುಷ್ಯ. ತಿಂಗಳ ಕೊನೆಯವರೆಗೆ ಮಾಲೀಕನ ಆಳು. ಒಂದನೇ ತಾರೀಕು ಅವನನ್ನು ಏಜೆನ್ಸಿಗೆ ವರ್ಗಾಯಿಸಿ, ಅದೇ ಸ್ಟೂಲಿಗೆ ಮರಳಿ ಕಳಿಸಿದರೆ, ಅವನಿಗೆ 100 ಗಂಟೆ ಪಾಠ, 60 ಗಂಟೆ ಮೈದಾನದ ತರಬೇತಿ, ಪೂರ್ವಾಪರ ವಿಚಾರಣೆ, ಫೋಟೋ ಇರುವ ಗುರುತಿನ ಚೀಟಿ ಎಲ್ಲ ಬೇಕು. ಕಳ್ಳನಿಗೆ ಮಾತ್ರ ಈ ರೂಪಾಂತರದ ಅರಿವಿರುವುದಿಲ್ಲ.

ಇದಕ್ಕೆ ಪೌರಾಣಿಕ ದೃಷ್ಟಾಂತವುಂಟು. ಜಯ ವಿಜಯರು ವೈಕುಂಠದ ಸ್ವಂತ ಸಿಬ್ಬಂದಿ. ಏಜೆನ್ಸಿಯ ಮೂಲಕ ಬಂದವರಲ್ಲ. ಲೈಸೆನ್ಸಿನ ಮಾತೇ ಇಲ್ಲ, ಹಾಗಾಗಿ ತರಬೇತಿಯೂ ಇಲ್ಲ. ಮಾದರಿ ನಿಯಮಗಳ ಪಠ್ಯದಲ್ಲಿ ಗುರುತುಪತ್ರ ಪರಿಶೀಲನೆಯ ಪಾಠವಿದೆ. ಅದನ್ನು ಓದದ ಇವರು ಸನಕಾದಿಗಳನ್ನು ಚಿಕ್ಕ ಹುಡುಗರೆಂದು ತಡೆದರು. ಮೂರು ಜನ್ಮದ ಸಸ್ಪೆನ್ಷನ್ ಅನುಭವಿಸಿದರು.

ಬಿಲ್ಲು ಪ್ರಕರಣ

ಕೆಲವು ಚತುರರು ಗಾರ್ಡುಗಳನ್ನು ಕಳಿಸಿ ಬಿಲ್ಲಿನಲ್ಲಿ 'ಹೌಸ್‌ಕೀಪಿಂಗ್' ಎಂದು ಬರೆಯುತ್ತಾರೆ. ಪಬ್ಬಿನ ಬಾಗಿಲಿಗೆ ಕಪ್ಪು ಟೀ ಶರ್ಟಿನ ಬೌನ್ಸರುಗಳನ್ನು ಕಳಿಸಿ 'ಅತಿಥಿ ಸತ್ಕಾರ' ಎನ್ನುತ್ತಾರೆ. ಸೂತ್ರಕಾರ ಕೇಳುವುದು ಕಾಯುವ ಕೆಲಸವನ್ನು, ಬಿಲ್ಲಿನ ಒಕ್ಕಣೆಯನ್ನಲ್ಲ. ಕೈಯಲ್ಲಿ ಪೊರಕೆಯಿಲ್ಲದೆ ಬಾಗಿಲಲ್ಲಿ ಎದೆಯುಬ್ಬಿಸಿ ನಿಂತು, ಒಳಗೆ ಬರುವವರನ್ನು ಮೇಲಿಂದ ಕೆಳಗೆ ನೋಡುವವನು ಯಾವ ನೆಲ ಒರೆಸುತ್ತಿದ್ದಾನೆಂದು ಸಾಧಿಸುವುದು ಕಷ್ಟ.

ಲೈಸೆನ್ಸಿಲ್ಲದೆ ಈ ಕಸುಬು ಮಾಡಿದರೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ 25,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಇಡೀ ರಾಜ್ಯಕ್ಕೆ ಲೈಸೆನ್ಸು ಪಡೆಯಲು ಕಾಯ್ದೆ ನಿಗದಿ ಮಾಡಿದ ಶುಲ್ಕವೂ 25,000 ರೂಪಾಯಿಯೇ. ಧರ್ಮಕ್ಕೂ ಅಧರ್ಮಕ್ಕೂ ಒಂದೇ ದರ ಕಟ್ಟಿದ ಈ ಸಮದೃಷ್ಟಿಯನ್ನು ಅದ್ವೈತಿಗಳು ಗಮನಿಸಬೇಕು.

ವೇಷಭೂಷಣ ಪ್ರಕರಣ

ಭಾಷ್ಯಕಾರರ ಪ್ರತಿಭೆ ಅರಳಿರುವುದು ಇಲ್ಲಿ. ಸೀಟಿಗೆ ದಾರವಿರಬೇಕು, ಅದು ಎಡಜೇಬಿನಲ್ಲೇ ಇರಬೇಕು. ಷೂಗಳಿಗೆ ಲೇಸು ಕಡ್ಡಾಯ. ಬಟ್ಟೆ ಕೈಕಾಲು ಬಗ್ಗದಷ್ಟು ಬಿಗಿಯಾಗಲಿ ಸಡಿಲವಾಗಲಿ ಇರಕೂಡದು. ಗುರುತಿನ ಚೀಟಿ ಸೊಂಟದಿಂದ ಮೇಲೆ, ಎಲ್ಲಕ್ಕಿಂತ ಹೊರಗಿನ ಬಟ್ಟೆಯ ಮೇಲೆ ಎದ್ದು ಕಾಣಬೇಕು. ಸೈನ್ಯದ, ಪೊಲೀಸರ ಸಮವಸ್ತ್ರವನ್ನು ಹೋಲುವ ಉಡುಪು ತೊಟ್ಟರೆ ಗಾರ್ಡಿನ ಜೊತೆ ಏಜೆನ್ಸಿ ಮಾಲೀಕನೂ ಅಪರಾಧಿ. ಜೊತೆಗೊಂದು ನೋಟುಬುಕ್ಕು, ಬರೆಯಲೊಂದು ಸಾಧನ.

ಈ ಕೊನೆಯ ವಿಧಿಯಿಂದ ಹುಟ್ಟಿದ ಸಾಹಿತ್ಯವೇ ವಿಸಿಟರ್ಸ್ ಬುಕ್. ಉಪಲಬ್ಧ ಹಸ್ತಪ್ರತಿಗಳಲ್ಲಿ 'ಬಂದ ಉದ್ದೇಶ' ಎಂಬ ಕಾಲಮ್ಮಿನ ತುದಿಯಲ್ಲಿ ಯಾರೋ 'ಪರ್ಸನಲ್' ಎಂದು ಬರೆದಿದ್ದಾರೆ. ಅಲ್ಲಿಂದ ಪುಟದ ಬುಡದವರೆಗೆ ಡಿಟ್ಟೋ ಗುರುತುಗಳು. ಪೆನ್ನನ್ನು ದಾರದಿಂದ ಮೇಜಿಗೆ ಕಟ್ಟಿರುತ್ತಾರೆ. ಆ ಆವರಣದಲ್ಲಿ ನಿಜವಾಗಿ ಭದ್ರವಾಗಿರುವ ವಸ್ತು ಅದೊಂದೇ ಎಂಬುದು ಪ್ರತ್ಯಕ್ಷ ಪ್ರಮಾಣ.

ಸೀಟಿಗೆ ಜೇಬು ಗೊತ್ತು ಮಾಡಿದ ಸಮವಸ್ತ್ರ ನಿಯಮ, ಅದನ್ನು ತೊಟ್ಟವನಿಗೆ ಕುರ್ಚಿಯ ಮಾತೆತ್ತುವುದಿಲ್ಲ. ಅದು ಗ್ರಂಥದ ವ್ಯಾಪ್ತಿಗೆ ಹೊರಗಿನದೆಂದು ಉಭಯ ಪಕ್ಷದವರೂ ಒಪ್ಪಿದ್ದಾರೆ. ಇಬ್ಬರೂ ವಾದ ಮಾಡಿದ್ದು ಕೂತುಕೊಂಡು.

ಫಲಶ್ರುತಿ

ಇದನ್ನು ನಿತ್ಯ ಪಠಿಸುವ ಮಾಲೀಕನಿಗೆ ತನ್ನ ಆಳು ಯಾರು, ಏಜೆನ್ಸಿಯ ಆಳು ಯಾರು ಎಂಬ ವಿವೇಕ ಹುಟ್ಟುತ್ತದೆ. ಏಜೆನ್ಸಿಯವನಿಗೆ 5 ವರ್ಷದ ಲೈಸೆನ್ಸ್ ಪ್ರಾಪ್ತಿಯಾಗುತ್ತದೆ. ಗಾರ್ಡಿಗೆ ದೊರೆಯುವ ಫಲವನ್ನು ಹೇಳಬೇಕೆಂದಿತ್ತು. ಆದರೆ ಅವನು ಕೇಳಿಸಿಕೊಳ್ಳುವಂತಿಲ್ಲ. ಒಂದು ಕೈಯಲ್ಲಿ ಮೂರನೇ ಮಹಡಿಯವರ ಕೊರಿಯರ್, ಇನ್ನೊಂದರಲ್ಲಿ ಎರಡನೆಯವರ ಹಾಲಿನ ಪ್ಯಾಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾನೆ. ಗೇಟು ಸದ್ಯಕ್ಕೆ ಅಜ್ಜಿಯ ವಶದಲ್ಲಿದೆ.