ಅಂಬಾಸಿಡರಿಗೆ ಓಮ್ನಿ ರೇಡಿಯೇಟರು

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು. ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಮುದಿ ಕಾರುಗಳಿಗೆ ಮಾತ್ರ ಸುದ್ದಿ ಮುಟ್ಟಿದಂತಿಲ್ಲ. ಓಡುತ್ತಲೇ ಇವೆ, ಸೋರುತ್ತಲೇ ಇವೆ. ಸೋರದೆ ಏನು ಮಾಡಿಯಾವು? ಸಾವಿರ ಅಡಿ ಆಳದ ಬೋರ್‌ವೆಲ್ಲಿನ ಗಡುಸು ನೀರು ಕುಡಿಸಿದರೆ ರೇಡಿಯೇಟರಿನ ನಳಿಗೆಗಳಲ್ಲೆಲ್ಲ ಸುಣ್ಣ ಕಟ್ಟುತ್ತದೆ.

ಹಿತ್ತಾಳೆಯ ಹಳೇದಕ್ಕೆ ಬೆಸುಗೆ ಹಾಕಿ ಹಾಕಿ ಬೇಸತ್ತ ಮೆಕ್ಯಾನಿಕ್ ಅಣ್ಣ ಗೌರಿಬಿದನೂರಿನ ಗುಜರಿಯಿಂದ ಮಾರುತಿ ಓಮ್ನಿಯದೊಂದನ್ನು ಹೊತ್ತು ತರುತ್ತಾನೆ. "ಕೂರುತ್ತೆ ಸಾರ್, ಕೂರಿಸ್ತೀವಿ!" ವಿಶ್ವೇಶ್ವರಯ್ಯನವರು ಹುಟ್ಟಿದ ಜಿಲ್ಲೆ, ಇಲ್ಲಿ ಎಲ್ಲರೂ ಎಂಜಿನಿಯರೇ. ಪಟ್ಟಿ ಕೊಯ್ದು, ಅಳತೆಗೆ ಬಾರದ ಹೋಸ್‌ಪೈಪನ್ನು ತುರುಕಿ, ಕ್ಲಿಪ್ಪು ಬಿಗಿದರೆ ಕೂರುವುದೇನೋ ನಿಜ. ಆದರೆ ಅದು 796 ಸಿಸಿ ಎಂಜಿನ್ ತಣಿಸಲು ಹುಟ್ಟಿದ ಜೀವ. ಅದರ ತಲೆಗೆ 1489 ಸಿಸಿ ಕಟ್ಟಿ ನಂದಿಬೆಟ್ಟ ಹತ್ತಿಸಿದರೆ ಅರ್ಧ ದಾರಿಯಲ್ಲೇ ಉಗಿ. ಬೆಂಗಳೂರಿನ ಪ್ರವಾಸಿಗಳು ಅದನ್ನೇ ಮಂಜೆಂದುಕೊಂಡು ಸೆಲ್ಫಿ ತೆಗೆದಾರು.

ಬದಲಿ ಹಾಕಲೇಬೇಕೆಂದರೆ ಸಮನಾದ ಅಥವಾ ದೊಡ್ಡ ಎಂಜಿನ್ನಿನದನ್ನೇ ತನ್ನಿ. ಫ್ಯಾನಿಗೆ ತಾಗದಷ್ಟು ಜಾಗವಿದೆಯೇ, ಮುಚ್ಚಳದ ಒತ್ತಡ ಸರಿಯೇ ನೋಡಿ. ಬೋರ್‌ವೆಲ್ ನೀರು ಬೇಡ, ಕೂಲೆಂಟ್ ಹಾಕಿ. ಕಾದಿರುವಾಗ ಮಾತ್ರ, ಅಣ್ಣ ಎಷ್ಟೇ ಧೈರ್ಯ ಹೇಳಿದರೂ, ಮುಚ್ಚಳ ತೆಗೆಯಬೇಡಿ.