ಪುಟ್ಟ ಲಿವರ್: ಬಳಕೆಯ ಕೈಪಿಡಿ, ತುರುವೇಕೆರೆ ಆವೃತ್ತಿ

ಈ ಕೈಪಿಡಿ ಓದದೆ ಡಬ್ಬಿ ತೆರೆಯಬೇಡಿ. ಓದಿದ ಮೇಲೂ ಅಡುಗೆಮನೆಯಲ್ಲಿ ತೆರೆಯಬೇಡಿ.

ಇದು ಔಷಧಿಯ ವಿಷಗುಣ ಪರೀಕ್ಷಿಸುವ ಲಿವರ್ ತುಣುಕು. ಕುಡಿದು ಕೆಡಿಸಿಕೊಂಡ ಲಿವರ್‌ಗೆ ಬದಲಿಯಲ್ಲ. ಆ ವಿಚಾರಕ್ಕೆ ಯಾರೂ ಫೋನ್ ಮಾಡಬೇಡಿ. ಇಂಥದ್ದೆಲ್ಲ ಅಮೆರಿಕದಲ್ಲಿ ಎನ್ನುವವರಿಗೆ ಒಂದು ಮಾತು: ಬೆಂಗಳೂರಿನ ಪ್ಯಾಂಡೋರಮ್ ಟೆಕ್ನಾಲಜೀಸ್ 2015ರಲ್ಲೇ ತ್ರೀಡಿ ಮುದ್ರಣದ ಲಿವರ್ ಅಂಗಾಂಶ ಮಾಡಿ ತೋರಿಸಿತು.

ಮೊದಲು ಹಂದರ ಕಟ್ಟಿ. ಲಿವರ್ ಕೋಶಗಳನ್ನು ಪ್ಲಾಸ್ಟಿಕ್ ತಟ್ಟೆಯ ಮೇಲೆ ಚಪ್ಪಟೆಯಾಗಿ ಮಲಗಿಸಿದರೆ ಕೆಲವೇ ದಿನಗಳಲ್ಲಿ ಕಸುಬು ಮರೆಯುತ್ತವೆ. ಔಷಧಿ ಒಡೆಯುವ ಕಿಣ್ವಗಳು ಕುಗ್ಗುತ್ತವೆ, ವಿಷವೂ ಸಾಧುವಾಗಿ ಕಾಣುತ್ತದೆ. ಅವಕ್ಕೆ ನಾಲ್ಕೂ ಕಡೆ ಆಸರೆ ಬೇಕು. ಆದರೆ ಆ ಆಸರೆ ಮದುವೆ ಚಪ್ಪರದ ಹಾಗೆ, ಕೆಲಸ ಮುಗಿದ ಮೇಲೆ ನಿಂತಿರಬಾರದು. ಅದಕ್ಕೇ ಕರಗುವ ಪಾಲಿಮರ್. ಮನೆಯಲ್ಲಿ ಯಾರಿಗಾದರೂ ಕರಗುವ ಹೊಲಿಗೆ ಹಾಕಿಸಿದ್ದರೆ, ಬಹುಪಾಲು ಇದೇ ಕುಲದ್ದು. ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲ ಅರ್ಧರ್ಧ ಬೆರೆತದ್ದು ಒಂದೆರಡು ತಿಂಗಳಲ್ಲಿ ಕರಗುತ್ತದೆ. ಬರೀ ಪಾಲಿಲ್ಯಾಕ್ಟಿಕ್ ವರ್ಷ ದಾಟಿಸುತ್ತದೆ. ಪಾಲಿಕ್ಯಾಪ್ರೊಲ್ಯಾಕ್ಟೋನ್‌ಗೆ ಎರಡು ವರ್ಷವೂ ಸಾಲದೆ ಹೋಗಬಹುದು. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಲೆಂದು ಹತ್ತು ಹನ್ನೊಂದು ತಿಂಗಳು ಕಾಯುವ ನಿಮಗೆ ತಾಳ್ಮೆಯ ಪಾಠ ಬೇಕಿಲ್ಲ.

ನಮ್ಮ ತೆಂಗಿನ ನಾರೇ ಆಗಲ್ವಾ ಎಂದು ಕೇಳುವಿರೆಂದು ಗೊತ್ತಿತ್ತು. ಆಗದು. ನಾರಿನ ಲಿಗ್ನಿನ್ ಅರಗಿಸುವ ಕಿಣ್ವ ಕೆಲವು ಅಣಬೆ, ಬೂಷ್ಟುಗಳ ಬಳಿ ಇದೆ, ಮನುಷ್ಯನ ಮೈಯಲ್ಲಿಲ್ಲ. ಪಾಲಿಲ್ಯಾಕ್ಟಿಕ್‌ಗೆ ಬರೀ ನೀರು ಸಾಕು, ಸರಪಳಿ ತಾನೇ ಕಳಚುತ್ತದೆ.

ಪಾಲಿಮರನ್ನು ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ, ಜರಡಿ ಹಿಡಿದ ಉಪ್ಪು ಕಲಸಿ, ಅಚ್ಚಿಗೆ ಹುಯ್ದು ಆರಲು ಬಿಡಿ. ಬಳಿಕ ನೀರಲ್ಲಿ ನೆನೆಹಾಕಿ. ಉಪ್ಪು ಕರಗಿ ಹೋದಲ್ಲೆಲ್ಲ ರಂಧ್ರ, ಹರಳಿನ ಅಳತೆಯದೇ. ಬಿಲ್ಲೆ ದಪ್ಪವಾದಷ್ಟೂ ಗಟ್ಟಿ ಎಂದು ಲೆಕ್ಕ ಹಾಕಬೇಡಿ. ಮಿಲಿಮೀಟರಿನ ಐದನೇ ಒಂದು ಪಾಲಿಗಿಂತ ಆಳದ ಕೋಶಕ್ಕೆ ಆಮ್ಲಜನಕ ತಲುಪುವುದು ಕಷ್ಟ. ಇನ್ನೊಂದು ಕಾಟವೂ ಉಂಟು: ಕಳಚಿದ ಆಮ್ಲ ಒಳಗೇ ಸಿಕ್ಕಿಕೊಂಡು ಕರಗುವಿಕೆಯನ್ನು ಇನ್ನಷ್ಟು ಜೋರು ಮಾಡುತ್ತದೆ. ಮೇಲೆ ನೋಡಿದರೆ ನೆಟ್ಟಗೆ, ಒಳಗೆ ಟೊಳ್ಳು.

ಹಂದರದಲ್ಲಿ ಕೋಶ ಕೂರಿಸಿದ ಮೇಲೆ ಆಹಾರ: ಎಳನೀರು ಹಾಕಬೇಡಿ. ಸಸ್ಯವಿಜ್ಞಾನಿ ವಾನ್ ಓವರ್‌ಬೀಕ್ 1941ರಲ್ಲಿ ದತ್ತೂರಿಯ ಎಳೆಯ ಭ್ರೂಣಗಳನ್ನು ತೆಂಗಿನ ನೀರು ಬೆರೆಸಿ ಬೆಳೆಸಿದ್ದು ನಿಜ. ಅಂದಿನಿಂದ ಸಸ್ಯ ಪ್ರಯೋಗಾಲಯಗಳಲ್ಲಿ ಅದಕ್ಕೆ ಗೌರವವಿದೆ. ಮನುಷ್ಯನ ಕೋಶಕ್ಕೆ ಬೇರೆ ದ್ರಾವಣ, 37 ಡಿಗ್ರಿ ಬಿಸಿ, ನೂರಕ್ಕೆ ಐದು ಪಾಲು ಇಂಗಾಲದ ಡೈ ಆಕ್ಸೈಡ್, ಅದೂ ಹಗಲೂ ರಾತ್ರಿ. ತ್ರೀಫೇಸ್ ಕರೆಂಟು ಬಂದಾಗ ಎದ್ದು ಮೋಟಾರ್ ಹಾಕುವ ಲೆಕ್ಕ ಇಲ್ಲಿ ನಡೆಯದು.

ಈಗ ಔಷಧಿ. ಪ್ಯಾರಾಸಿಟಮಾಲ್‌ನಿಂದ ಶುರುಮಾಡಿ. ಆ ಮಾತ್ರೆ ತಾನಾಗಿ ಅಷ್ಟು ಕೆಟ್ಟದ್ದಲ್ಲ. ಅದರ ಸ್ವಲ್ಪ ಭಾಗವನ್ನು ವಿಷವಾಗಿ ಬದಲಿಸುವುದು ಲಿವರೇ. ಕಡಿಮೆ ಪ್ರಮಾಣವಿದ್ದರೆ ಕೋಶದೊಳಗಿನ ಗ್ಲುಟಾಥಯೋನ್ ಎಂಬ ಕಾವಲುಗಾರ ಆ ವಿಷವನ್ನು ಕಟ್ಟಿಹಾಕುತ್ತದೆ. ಮಿತಿ ಮೀರಿದರೆ ಗ್ಲುಟಾಥಯೋನ್ ತೀರಿಹೋಗಿ ಕೋಶಗಳು ಸಾಯುತ್ತವೆ. ಕಸುಬು ಮರೆತ ಕೋಶ ಈ ಕಥೆ ಹೇಳುವುದೇ ಇಲ್ಲ. ಟ್ರೋಗ್ಲಿಟಜೋನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಪ್ರಾಣಿಗಳ ಪರೀಕ್ಷೆ ದಾಟಿ 1997ರಲ್ಲಿ ಅಮೆರಿಕದ ಪೇಟೆಗೆ ಬಂತು. ಜನರ ಲಿವರ್ ಕೆಟ್ಟಿತು, 2000ದಲ್ಲಿ ವಾಪಸಾಯಿತು. ಇಲಿಗೆ ಒಗ್ಗಿದ್ದು ಇಲಿಗೆ ಅಷ್ಟೆ. ನಮ್ಮಲ್ಲೂ 2023ರ ಔಷಧ ನಿಯಮಗಳ ತಿದ್ದುಪಡಿ ಇಂಥ ಪ್ರಾಣಿರಹಿತ ಪರೀಕ್ಷೆಗೆ ಬಾಗಿಲು ತೆರೆದಿದೆ.

ಔಷಧಿಯನ್ನೇ ಹಾಕದ ತುಣುಕೊಂದನ್ನು ಪಕ್ಕದಲ್ಲಿ ಇಡಲೇಬೇಕು. ಅದೂ ಸತ್ತಿತೆ? ಔಷಧಿ ಕಂಪನಿಗೆ ಬೈಯುವ ಮೊದಲು ಕ್ಲೋರೋಫಾರ್ಮ್ ಪೂರ್ತಿ ಆರಿತ್ತೇ ನೋಡಿ.

ಗ್ಯಾರಂಟಿ: ಹಂದರ ಕರಗಿತೆಂದು ಅಂಗಡಿಗೆ ಹೊತ್ತು ತರಬೇಡಿ. ಎರಡು ತಿಂಗಳೆಂದು ಕೊಟ್ಟ ಪಾಲಿಮರ್ ವರ್ಷವಾದರೂ ಕರಗದಿದ್ದರೆ ಬಿಲ್ಲಿನ ಸಮೇತ ಬನ್ನಿ, ಸೋಮವಾರ ರಜೆ.